ಮಾರಿಕಣಿವೆಯಲ್ಲಿ ಗಾಳದ ಪಾಠ

ಮಾರಿಕಣಿವೆ ಎಂದೂ ಕರೆಯುವ ವಾಣಿವಿಲಾಸ ಸಾಗರ ತುಂಬಿದಾಗ ಅದರ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಹೊಲಗಳ ಅಂಚಿಗೆ ಬಂದು ನಿಲ್ಲುತ್ತದೆ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ನಡುವೆ ಬಾಳಿದ ಮೀನುಗಾರರು ಎಷ್ಟೋ ಜನ ಕೋಡಿ ನೀರನ್ನು ಕಣ್ಣಲ್ಲಿ ಕಾಣದೆಯೇ ಹೋದರು. ಈಗ ನೀರಿದೆ. ನೀರನ್ನು ನಂಬಿ ಏನೇನೋ ಮಾಡಬೇಕೆಂದು ಹೊರಟ ಮಕ್ಕಳೂ ಇದ್ದಾರೆ.

ಅಂಥ ಒಬ್ಬಳು ಹಿರಿಯೂರಿನ ಹುಡುಗಿ. ಚಿತ್ರದುರ್ಗದಲ್ಲಿ ಓದಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, ಫ್ಲೈ ಫಿಶಿಂಗ್ ಎಂಬ ಗಾಳದ ವಿದ್ಯೆ ಕಲಿತು, ಈಗ ಅದನ್ನು ಕಲಿಸುವ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಇನ್ನೊಬ್ಬರು ಅವಳ ದೊಡ್ಡಪ್ಪ. ಹರಿಗೋಲು, ಬೀಸುಬಲೆ, ಬಿದಿರು ಗಾಳದಲ್ಲೇ ಆಯುಸ್ಸು ಕಳೆದವರು. ಹಿನ್ನೀರಿನ ದಂಡೆಯಲ್ಲಿ ಇಬ್ಬರೂ ವಾದಕ್ಕೆ ಕೂತದ್ದನ್ನು ನಾನು ಪಕ್ಕದಲ್ಲಿದ್ದು ಕೇಳಿದೆ. ಹೆಸರು ಬೇಡ ಎಂದರು, ಹಾಕಿಲ್ಲ.

ದೊಡ್ಡಪ್ಪ: ಮೊದಲು ಇದನ್ನ ಹೇಳವ್ವ. ನಿನ್ನ ಕೋಲಿನ ತುದೀಲಿ ಎರೆಹುಳ ಇಲ್ಲ, ಹಿಟ್ಟಿಲ್ಲ, ಸೀಸದ ಗುಂಡೂ ಇಲ್ಲ. ಬರೀ ಗರಿ. ಅದು ಅಷ್ಟು ದೂರ ಹೆಂಗೆ ಹೋಗ್ತೈತೆ?

ಹುಡುಗಿ: ಗರಿಯನ್ನ ದಾರ ಒಯ್ಯುತ್ತೆ ದೊಡ್ಡಪ್ಪ. ನಿಮ್ಮ ಗಾಳದಲ್ಲಿ ಸೀಸ ಮುಂದೆ ಹಾರಿ ದಾರಾನ ಎಳ್ಕೊಂಡು ಹೋಗುತ್ತಲ್ಲ, ಇಲ್ಲಿ ಆ ತೂಕವೆಲ್ಲ ದಾರದಲ್ಲೇ ಇದೆ. ಮುಟ್ಟಿ ನೋಡಿ, ಎಷ್ಟು ದಪ್ಪ. ಮೊದಲ 30 ಅಡಿ ಎಷ್ಟು ತೂಗುತ್ತೆ ಅಂತ ನೋಡಿ ದಾರಕ್ಕೆ ನಂಬರ್ ಕೊಡ್ತಾರೆ. ಇದು 5ನೇ ನಂಬರಿಂದು, ಆ 30 ಅಡಿಗೆ 9 ಗ್ರಾಂ ಆಸುಪಾಸು. ಅದರ ತುದಿಗೆ ಸಣ್ಣಗಾಗ್ತಾ ಹೋಗೋ 9 ಅಡಿ ನೈಲಾನ್, ಅದರ ತುದಿಗೆ ಈ ಗರಿ.

ದೊಡ್ಡಪ್ಪ: ಗಾಡಿ ಹೊಡೆಯೋನು ಬಾರುಕೋಲು ಬೀಸಿದಂಗೆ ಅನ್ನು.

ಹುಡುಗಿ: ಹಾಗಂದ್ಕೊಂಡೇ ಎಲ್ಲರೂ ಶುರು ಮಾಡೋದು, ಅಲ್ಲೇ ಕೆಡೋದು. ಬಾರುಕೋಲು ಚಟೀರ್ ಅಂದ್ರೆ ಗಾಡಿಯವನಿಗೆ ಖುಷಿ. ಇಲ್ಲಿ ಚಟೀರ್ ಅಂದ್ರೆ ಗರಿ ಕಿತ್ತುಹೋಯ್ತು ಅಂತ. ಹಿಂದಕ್ಕೆ ಬೀಸಿದ ದಾರ ಬೆನ್ನ ಹಿಂದೆ ಬಿಚ್ಚಿಕೊಂಡು ನೆಟ್ಟಗಾಗಬೇಕು. ಅಲ್ಲೀವರೆಗೂ ಕೈ ಸುಮ್ಮನಿರಬೇಕು. ದಾರ ಉದ್ದ ಬಿಟ್ಟಷ್ಟೂ ಕಾಯೋದು ಜಾಸ್ತಿ. ಹೊಸಬರಿಗೆ ಈ ಕಾಯೋದೇ ಆಗಲ್ಲ. ಮೀನು ಇರೋದು ಮುಂದೆ, ಕಣ್ಣೂ ಮುಂದೆ. ಬೆನ್ನ ಹಿಂದೆ ಏನಾಗ್ತಿದೆ ಅನ್ನೋದನ್ನ ಯಾರು ತಿರುಗಿ ನೋಡ್ತಾರೆ?

ದೊಡ್ಡಪ್ಪ: ಕೊಡು ಇಲ್ಲಿ.

ಅವರು ಕೋಲು ತೆಗೆದುಕೊಂಡು ಎದ್ದು ನಿಂತರು. ಬೀಸುಬಲೆ ಎಸೆದು ಪಳಗಿದ ಭುಜ. ಹಿಂದಕ್ಕೆ ಬೀಸಿ ಅವರು ಕಾದದ್ದು ಸರಿಯಾಗಿಯೇ ಇತ್ತು, ಹುಡುಗಿಯ ಹುಬ್ಬು ಮೇಲೇರಿತು. ಆದರೆ ಮುಂದಕ್ಕೆ ಬಲೆ ಎಸೆಯುವ ರಭಸದಲ್ಲೇ ಒಮ್ಮೆಗೇ ಬಲ ಹಾಕಿದರು. ಗಾಳಿಯಲ್ಲಿ ದಾರ ತನ್ನನ್ನು ತಾನೇ ದಾಟಿ, ನೈಲಾನಿಗೆ ಗಂಟು ಬಿದ್ದು, ಮುದ್ದೆಯಾಗಿ ನೀರಿಗೆ ಬಿತ್ತು.

ಹುಡುಗಿ: ಕಾದದ್ದು ಚೆನ್ನಾಗಿತ್ತು. ಮುಂದಕ್ಕೆ ಬರುವಾಗ ಬಲ ಮೊದಲೇ ಸುರಿದುಬಿಟ್ಟಿರಿ. ಕೋಲು ಜಾಸ್ತಿ ಬಾಗ್ತು, ತುದಿ ಕೆಳಕ್ಕಿಳಿದು ಮತ್ತೆ ಎದ್ದಿತು. ತುದಿ ಹೋದ ದಾರಿಯಲ್ಲೇ ದಾರ ಹೋಗೋದು. ಅದಕ್ಕೇ ಮೇಲಿನ ಎಳೆ ಕೆಳಗಿನ ಎಳೆಗೆ ತಗುಲಿತು. ಮೆಲ್ಲಗೆ ಶುರು ಮಾಡಿ, ಬಲ ಏರಿಸ್ತಾ ಬಂದು, ತಟ್ಟನೆ ನಿಲ್ಲಿಸಿ.

ದೊಡ್ಡಪ್ಪ: ಕಣ್ಣು ರೆಪ್ಪೆ ಬಡಿಯೋದರಲ್ಲಿ ಮುಗೀತು. ಇಷ್ಟೆಲ್ಲ ಯಾವಾಗ ಕಂಡೆ?

ಹುಡುಗಿ: ಅದನ್ನ ಕಾಣೋಕೆ ಕಲಿಯೋದೇ ಈಗ ನಾನು ಮಾಡ್ತಿರೋ ಕೆಲಸ. ಚೆನ್ನಾಗಿ ಹಾಕೋದು ಬೇರೆ ದೊಡ್ಡಪ್ಪ, ಕಲಿಸೋದು ಬೇರೆ. ಅಮೆರಿಕದಲ್ಲಿ ಫ್ಲೈ ಫಿಷರ್ಸ್ ಇಂಟರ್‌ನ್ಯಾಷನಲ್ ಅಂತ ಒಂದು ಸಂಸ್ಥೆ, 1965ರದ್ದು. 1992ರಿಂದ ಕಲಿಸೋರಿಗೆ ಪರೀಕ್ಷೆ ಇಟ್ಟಿದೆ. ಬರೆಯೋ ಪರೀಕ್ಷೆ ಒಂದು, ಬಯಲಲ್ಲಿ ನಿಂತು ಹಾಕಿ ತೋರಿಸೋದು ಒಂದು. ಬಯಲಲ್ಲಿ ಬರೀ ಸರಿಯಾಗಿ ಹಾಕಿದರೆ ಮುಗಿಯಲ್ಲ. ಈಗ ನೀವು ಹಾಕಿದಿರಲ್ಲ, ಆ ತಪ್ಪನ್ನ ಬೇಕಂತಲೇ ಹಾಕಿ ತೋರಿಸು ಅಂತಾರೆ. ಯಾಕೆ ಆಯ್ತು, ಹೇಗೆ ತಿದ್ದುತೀಯಾ ಹೇಳು ಅಂತಾರೆ. ಬೇಕಾದಾಗ ತಪ್ಪು ಮಾಡೋಕೆ ಬಂದವರಿಗೇ ತಪ್ಪಿನ ಬುಡ ಗೊತ್ತಿರೋದು ಅಂತ ಅವರ ಲೆಕ್ಕ.

ದೊಡ್ಡಪ್ಪ: ನಮ್ಮಪ್ಪ ನಂಗೆ ಬಲೆ ಕಲಿಸುವಾಗ ಒಂದು ಮಾತೂ ಆಡಲಿಲ್ಲ. ಬಲೆ ಅಗಲ ಬಿಚ್ಚದೇ ಬಿದ್ದರೆ ಸುಮ್ಮನೆ ಎಳೆದು ಮತ್ತೆ ಕೈಗೆ ಕೊಡೋನು. ನೋಡಿ ಕಲಿತೆ. ಮಾತಿಂದ ಕಲಿತ ವಿದ್ಯೆ ಕೈಗೆ ಇಳಿಯೋದು ಉಂಟಾ?

ಹುಡುಗಿ: ನೀವು ದಿನಾ ಅವರ ಜೊತೆ ಹರಿಗೋಲಲ್ಲಿ ಇದ್ದಿರಿ. ಹೊಳಲ್ಕೆರೆಯಿಂದ ಭಾನುವಾರ ಬರೋ ಹುಡುಗನಿಗೆ ಯಾರು ವರ್ಷಗಟ್ಟಲೆ ಬಲೆ ಎಳೆದು ಕೊಡ್ತಾರೆ? ಅವನಿಗೆ ಮಾತು ಬೇಕು. ಬಿಲ್ ಗ್ಯಾಮೆಲ್ ಅನ್ನೋರು, ಅವರಪ್ಪ ಜೇ ಗ್ಯಾಮೆಲ್, ಇಬ್ಬರೂ ಸೇರಿ 1990ರಲ್ಲಿ ಈ ದಾರ ಹಾಕೋ ವಿದ್ಯೇನ ಐದು ಮಾತಿಗೆ ಇಳಿಸಿದರು. ದಾರದಲ್ಲಿ ಸಡಿಲ ಇರಬಾರದು. ದಾರದ ಉದ್ದಕ್ಕೆ ತಕ್ಕಷ್ಟು ಕಾಯಬೇಕು. ದಾರ ಉದ್ದವಾದಂತೆ ಕೈ ಬೀಸೋ ಅಳತೇನೂ ಉದ್ದ ಆಗಬೇಕು. ಬಲ ಸರಿಯಾದ ಜಾಗದಲ್ಲಿ ಸರಿಯಾದಷ್ಟು ಬೀಳಬೇಕು. ಕೋಲಿನ ತುದಿ ನೇರ ಗೆರೆಯಲ್ಲಿ ಓಡಬೇಕು. ಲೋಕದಲ್ಲಿ ಇದನ್ನ ಕಲಿಸೋ ಎಷ್ಟೋ ಜನ ಇವತ್ತಿಗೂ ಈ ಐದರಿಂದಲೇ ತಪ್ಪು ಹುಡುಕೋದು. ಅಲ್ಲೂ ಅಪ್ಪ ಮಗ ಸೇರಿಯೇ ಮಾಡಿದ ಕೆಲಸ, ಬಾಯಿಬಿಟ್ಟು ಹೇಳಿದರು ಅಷ್ಟೇ.

ದೊಡ್ಡಪ್ಪ: ಹೆಣ್ಣುಮಕ್ಕಳು ಇದರಲ್ಲಿ ಐದಾರಾ?

ಹುಡುಗಿ: ಜೋನ್ ವುಲ್ಫ್ ಅಂತ ಒಬ್ಬರು. 1951ರಲ್ಲಿ ದೂರ ಹಾಕೋ ಸ್ಪರ್ಧೆಯಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿದರು. 1979ರಲ್ಲಿ ಗಂಡನ ಜೊತೆ ಶಾಲೆ ತೆಗೆದರು. ತೋಳಿನ ಬಲ ಕಡಿಮೆ ಇದ್ದವರು ಹೇಗೆ ದೂರ ಹಾಕಬಹುದು ಅಂತ ಬಿಡಿಸಿ ಹೇಳಿದವರು ಅವರು. ಅವರ ಪುಸ್ತಕ ಓದಿಯೇ ನನಗೆ ಧೈರ್ಯ ಬಂದಿದ್ದು.

ನನಗೆ ಅನ್ನಿಸಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಹುಡುಗಿ ದೊಡ್ಡಪ್ಪನ ಕೈಯ ತಪ್ಪನ್ನು ಹೆಸರಿಟ್ಟು ಹೇಳಿದ ಗಳಿಗೆಯಲ್ಲಿ ಅವಳು ಕಲಿಸುವವಳಾಗಿ ಆಗಿತ್ತು, ಸರ್ಟಿಫಿಕೇಟ್ ಬರಲಿ ಬಿಡಲಿ. ಕನ್ನಡದಲ್ಲಿ ಗಾಳ ಹಿಡಿದು ಕೂತವರು ಇಲ್ಲದಿಲ್ಲ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿಗೆ ಈ ಹುಚ್ಚು ಎಷ್ಟಿತ್ತೆಂದು ಓದುಗರಿಗೆ ಗೊತ್ತು. ಆದರೆ ಕೂತು ಇನ್ನೊಬ್ಬರ ಕೈ ತಿದ್ದುವವರು ಬೇಕಲ್ಲ. ದೊಡ್ಡಪ್ಪ ಮಾತ್ರ ಅಷ್ಟಕ್ಕೆ ಒಪ್ಪುವವರಾಗಿರಲಿಲ್ಲ.

ದೊಡ್ಡಪ್ಪ: ಸರಿ, ದಾರ ಹಾಕೋಕೆ ಕಲಿಸ್ತೀಯ. ಎಲ್ಲಿಗೆ ಹಾಕೋದು? ಇಷ್ಟೊತ್ತೂ ಆ ಬೋಳುಬಂಡೆ ಮುಂದೆ ಹಾಕ್ತಿದ್ದೆ. ಅಲ್ಲಿ ಏನೈತೆ?

ಹುಡುಗಿ: ಆಳ ಇದೆ ಅನ್ನಿಸ್ತು.

ದೊಡ್ಡಪ್ಪ: ಆಳ ಐತೆ, ಮೀನಿಲ್ಲ. ಈ ಕಡೆ ನೋಡು, ಜಾಲಿ ಮುಳುಗೈತಲ್ಲ ಅದರ ಎಡಕ್ಕೆ. ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳ್ತಾ ಅವೆ. ನಿಂತವು, ಮತ್ತೆ ಮೊಳದುದ್ದ ಮುಂದೆ ಎದ್ದವು. ಅದು ಗೆಂಡೆ ಮೀನು, ಕೆಸರು ಕೆದಕಿ ಮೇಯ್ತಾ ಹೋಗ್ತೈತೆ. ಒಂದೇ ಜಾಗದಲ್ಲಿ ಬುಳುಬುಳು ಅಂದು ನಿಂತರೆ ಅದು ಕೊಳೆತ ಸೊಪ್ಪಿನ ಗುಳ್ಳೆ, ಅದಕ್ಕೆ ಮೋಸ ಹೋಗಬ್ಯಾಡ. ಹೋದ ವರ್ಷ ಆ ಜಾಲಿ ಬುಡದಲ್ಲಿ ಶೇಂಗಾ ಹೊಲ ಇತ್ತು. ನೀರು ಏರಿ ಹೊಲ ಮುಳುಗಿದರೆ ಮೊದಲ ವರ್ಷ ಮೀನು ಅಲ್ಲೇ ಮೇಯೋದು. ನಿನ್ನ ಐದು ಮಾತಲ್ಲಿ ಇದೈತಾ?

ಹುಡುಗಿ: ಇಲ್ಲ.

ದೊಡ್ಡಪ್ಪ: ಆಷಾಢದ ಗಾಳಿ ಐತಾ? ದುರ್ಗದ ಗುಡ್ಡದ ಮೇಲೆಲ್ಲ ಸುಮ್ಮನೆ ಫ್ಯಾನು ನಿಲ್ಲಿಸಿದಾರಾ? ಆ ಗಾಳಿಗೆ ನಿನ್ನ 9 ಗ್ರಾಂ ದಾರ ಹಾಕ್ತೀಯಾ?

ಹುಡುಗಿ: ಗಾಳಿ ಎದುರಿಗಿದ್ದರೆ ಹಿಂದಕ್ಕೆ ಎತ್ತರ ಹಾಕಿ, ಮುಂದಕ್ಕೆ ನೀರಿಗೆ ಒತ್ತಿದ ಹಾಗೆ ಬಿಗಿಯಾಗಿ ಹಾಕಬೇಕು. ಅದಕ್ಕೆ ಉತ್ತರ ಇದೆ. ಗುಳ್ಳೆಗೆ ಇರಲಿಲ್ಲ, ಅದನ್ನ ಒಪ್ಕೋತೀನಿ. ಆದರೆ ದೊಡ್ಡಪ್ಪ, ಇದು ನಿಮ್ಮ ತಲೆಯಲ್ಲೇ ಇದ್ದರೆ ಯಾರಿಗೆ ಬಂತು? ನಿಮ್ಮ ಮಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಅವನಿಗೆ ಗೆಂಡೆ ಗುಳ್ಳೆ ಗೊತ್ತಾ?

ದೊಡ್ಡಪ್ಪ ಉತ್ತರ ಕೊಡಲಿಲ್ಲ. ಹುಡುಗಿಯ ಚೀಲದಿಂದ ಸಣ್ಣ ಡಬ್ಬಿ ತೆಗೆದು ಅದರೊಳಗಿನ ಗರಿಗಾಳಗಳನ್ನು ಅಂಗೈ ಮೇಲೆ ಸುರಿದುಕೊಂಡರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಕೊಕ್ಕೆಯ ಬೆನ್ನಿಗೆ ಕಂದು ಉಣ್ಣೆ ಒತ್ತಾಗಿ ಸುತ್ತಿದೆ, ಕತ್ತಿನಲ್ಲಿ ಕೆಂಪು ಹುಂಜದ ಗರಿಯೊಂದು ಸುತ್ತು ಬಂದು ಎಳೆ ಎಳೆಯಾಗಿ ನಿಂತಿದೆ, ಕಣ್ಣಿನ ಹತ್ತಿರ ಕಪ್ಪು ನೂಲಿನ ಗಂಟು. ಉಗುರಿನಿಂದ ಎಳೆದರು, ಜಗ್ಗಲಿಲ್ಲ.

ದೊಡ್ಡಪ್ಪ: ಉಣ್ಣೆ ಎಲ್ಲೀದು?

ಹುಡುಗಿ: ಚಳ್ಳಕೆರೆ ಕಡೆ ಕಂಬಳಿ ನೇಯೋರ ಮನೆಯಲ್ಲಿ ಉಳಿದ ಉಣ್ಣೆ. ಗರಿ ನಮ್ಮ ಹಿರಿಯೂರಿನ ನಾಟಿ ಕೋಳಿ ಅಂಗಡೀದು. ಸುಮಾರು 1,800 ವರ್ಷದ ಹಿಂದೆ ಈಲಿಯನ್ ಅನ್ನೋ ರೋಮಿನ ಲೇಖಕ ಮ್ಯಾಸಿಡೋನಿಯಾದವರು ಹೀಗೆ ಮೀನು ಹಿಡಿಯೋದನ್ನ ಬರೆದಿದ್ದಾನೆ. ಅವರು ಕಟ್ಟಿದ್ದೂ ಉಣ್ಣೆಯೇ, ಅದು ಕೆಂಪು, ಜೊತೆಗೆ ಹುಂಜದ ಕೊರಳಡಿಯ ಎರಡು ಗರಿ. ಆಮೇಲಿನ ಕಾಲದಲ್ಲಿ ಇಂಗ್ಲೆಂಡಿನವರು ಸಾಲ್ಮನ್ ಮೀನಿನ ಗಾಳಕ್ಕೆ ನಮ್ಮ ದಕ್ಷಿಣದ ಕಾಡುಕೋಳಿಯ ಕೊರಳ ಗರಿಗೆ ಬೆನ್ನು ಬಿದ್ದರು, ಅದರ ಮೇಲೆ ಮೇಣದ ಹನಿ ಇಟ್ಟ ಹಾಗೆ ಹೊಳೆಯೋ ಚುಕ್ಕೆ ಇರುತ್ತಲ್ಲ, ಅದಕ್ಕೆ. ಕಾಡುಕೋಳಿ ಕೊಂದು ಕೊಂದು ಗರಿ ಹಡಗು ಹತ್ತಿತು. ಈಗ ಕಾನೂನು ಇದೆ, ನಾನು ಕಾಡುಕೋಳಿ ಗರಿ ಮುಟ್ಟಲ್ಲ. ನನ್ನ ಹತ್ತಿರ ಕಲಿಯೋರಿಗೂ ಮೊದಲ ದಿನವೇ ಹೇಳ್ತೀನಿ.

ದೊಡ್ಡಪ್ಪ: ಕೊಕ್ಕೆಗೆ ಹಿಮ್ಮುಳ್ಳು ಕಾಣ್ತಿಲ್ಲ.

ಹುಡುಗಿ: ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿದೀನಿ. ಮೀನಿನ ಬಾಯಿಂದ ಸಲೀಸಾಗಿ ಬರುತ್ತೆ. ಹಿಡಿದು ಬಿಡೋದಕ್ಕೆ.

ದೊಡ್ಡಪ್ಪ: ಅಲ್ಲಿಗೆ ಬಂದೆ ನೋಡು. ಅದೇ ನಂಗೆ ಗಂಟಲಲ್ಲಿ ಇಳೀತಿಲ್ಲ. ಹೊಟ್ಟೆಗೆ ಹಿಡಿದೆವು, ಮಾರೋಕೆ ಹಿಡಿದೆವು. ಹಿಡಿಯೋಕಿಂತ ಮೊದಲು ಗಂಗಮ್ಮಂಗೆ ಕೈ ಮುಗಿದೆವು, ಕಣಿವೆ ಮಾರಮ್ಮಂಗೆ ಹಣ್ಣುಕಾಯಿ ಮಾಡಿಸಿದೆವು. ಜೀವ ತಗೀತೀವಿ ಅಂತ ಗೊತ್ತಿದ್ದೇ ಮಾಡಿದ್ದು. ನೀವು ಅದರ ಬಾಯಿಗೆ ಕಬ್ಬಿಣ ಹಾಕಿ, ಎಳೆದಾಡಿ, ಸುಸ್ತು ಮಾಡಿ, ಫೋಟೊ ತೆಗೆದು ಹೋಗು ಅಂತೀರಿ. ಯಾತಕ್ಕೆ? ದುರ್ಗದ ಕೋಟೆಗೆ ಹೋದರೆ ಜ್ಯೋತಿರಾಜ್ ಅನ್ನೋನು ಬರಿಗೈಲಿ ಗೋಡೆ ಹತ್ತುತಾನೆ, ಮಕ್ಕಳಿಗೂ ಕಲಿಸ್ತಾನೆ, ಅದನ್ನ ನಾನೂ ಬಾಯಿ ಬಿಟ್ಟುಕೊಂಡು ನೋಡಿದೀನಿ. ಗೋಡೆ ಹತ್ತಿದರೆ ಗೋಡೆಗೆ ನೋವಿಲ್ಲ.

ಹುಡುಗಿ: ನೋವಿಲ್ಲ ಅಂತ ನಾನು ಹೇಳಲ್ಲ. ಹಾಗಂತ ಕಲಿಸೋರ ಹತ್ತಿರ ನಾನು ಕಲಿಯಲೂ ಇಲ್ಲ. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಇಲ್ಲದಿದ್ರೆ ಮೈಮೇಲಿನ ಲೋಳೆ ಹೋಗಿ ರೋಗ ಹತ್ತುತ್ತೆ. ನೀರಿನಿಂದ ಮೇಲೆ ಎತ್ತಬಾರದು. ಬಿಸಿಬಂಡೆ ಮೇಲೆ ಮಲಗಿಸಬಾರದು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಕಾದು ಉಸಿರು ಕಡಿಮೆ ಇರುತ್ತೆ, ಆಗ ಹಿಡಿಯಲೇಬಾರದು. ಇಷ್ಟು ಮಾಡಿದರೆ ಬಹಳಷ್ಟು ಬದುಕುತ್ತವೆ.

ದೊಡ್ಡಪ್ಪ: ಬದುಕಿತು ಅಂತ ಯಾರು ಹಿಂದೆ ಹೋಗಿ ನೋಡಿದರು?

ಹುಡುಗಿ: ಹಿಂದೆ ಹೋಗಿ ಅಲ್ಲ, ಲೆಕ್ಕ ಇಟ್ಟು ಕಾವೇರಿಯಲ್ಲಿ ನೋಡಿದಾರೆ. ಗಾಲಿಬೋರೆ ಹತ್ತಿರ 1998ರಿಂದ 2012ರವರೆಗೆ ಗಾಳದವರು ಹಿಡಿದು ಬಿಟ್ಟ ಮೀನಿನ ಲೆಕ್ಕ ಬರೆದಿಟ್ಟಿದ್ದರು. ಮಶೀರ್, ಅದೇ ಬಿಳಿಮೀನು. ಆ ಲೆಕ್ಕ ವಿಜ್ಞಾನಿಗಳ ಕೈಗೆ ಸಿಕ್ಕಿದ ಮೇಲೆ ಗೊತ್ತಾಯ್ತು, ಕಾವೇರಿಯದೇ ಆದ ಗೂನು ಬೆನ್ನಿನ ಮಶೀರ್ ಕಾಣೆಯಾಗ್ತಾ ಇದೆ, ಹೊರಗಿನಿಂದ ಮರಿ ತಂದು ಬಿಟ್ಟ ನೀಲಿ ರೆಕ್ಕೆಯ ಮಶೀರ್ ಹೆಚ್ಚಾಗ್ತಾ ಇದೆ ಅಂತ. 2018ರಲ್ಲಷ್ಟೇ ಆ ಗೂನು ಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ನಿಕ್ಕಿಯಾಯ್ತು, ಟಾರ್ ರೆಮದೇವಿ. ಅಳಿವಿನ ಅಂಚಿನಲ್ಲಿರೋ ಜೀವಿಗಳ ಪಟ್ಟಿಯಲ್ಲಿ ಅದು ತೀರಾ ಕೊನೆಯ ಮೆಟ್ಟಿಲಲ್ಲಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಅಂದರೆ 54 ಕಿಲೊ. ಅಂಥ ಮೀನು ಮುಗೀತಾ ಇದೆ ಅಂತ ಗಾಳದವರ ನೋಟ್‌ಬುಕ್ ಇಲ್ಲದಿದ್ದರೆ ಯಾರಿಗೂ ತಿಳೀತಿರಲಿಲ್ಲ.

ದೊಡ್ಡಪ್ಪ: ತಿಳಿದು ಉಳೀತಾ?

ಹುಡುಗಿ: ಇನ್ನೂ ಹೇಳೋಕಾಗಲ್ಲ. ಆದರೆ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾದವರು 1972ರಿಂದ ಆ ಹೊಳೆ ಕಾದರು. ಸಿಡಿಮದ್ದು ಹಾಕಿ ಮೀನು ಕೊಲ್ಲುತ್ತಿದ್ದವರಲ್ಲೇ ಕೆಲವರು ಕಾವಲುಗಾರರಾದರು, ಗಾಳದವರಿಗೆ ದಾರಿ ತೋರಿಸೋ ಗೈಡ್ ಆದರು. ಬಿಟ್ಟ ಮೀನಿಗೆ ಬೆಲೆ ಬಂದದ್ದಕ್ಕೇ ತಾನೇ ಅವರು ಮದ್ದು ಕೆಳಗಿಟ್ಟದ್ದು?

ದೊಡ್ಡಪ್ಪ: ಆಮೇಲೆ ಆ ಗೈಡುಗಳು ಏನಾದರು? ಅಭಯಾರಣ್ಯದೊಳಗೆ ಗಾಳ ಹಾಕಬಾರದು ಅಂತ ಆಯ್ತಲ್ಲ, ಗಾಳದವರ ಕ್ಯಾಂಪ್ ಮುಚ್ಚಿದರಲ್ಲ. ಹೊಳೆ ಕಾದವನ ಮನೆಗೆ ಯಾರು ಅಕ್ಕಿ ಕೊಟ್ಟರು? ನೀನು ಕಲಿಸೋ ಕೆಲಸಾನೂ ಹಂಗೇ ಕಣವ್ವ. ಎಲ್ಲೋ ಒಂದು ಆರ್ಡರ್ ಆದರೆ ನಾಳೆ ನಿನ್ನ ಕೋಲು ಅಟ್ಟಕ್ಕೆ. ಬಲೆ ಹಂಗಲ್ಲ, ಬಲೆ ಹಿಡಿದವನಿಗೆ ಕೆರೆ ಬತ್ತಿದರೂ ಇನ್ನೊಂದು ಕೆರೆ ಐತೆ.

ಇದು ಹುಡುಗಿಗೆ ನಾಟಿತು. ನನಗೂ ನಾಟಿತು. ಕಾಪಾಡಬೇಕೆಂಬ ಕಾನೂನಿನ ಆಸೆ ಸರಿಯೇ. ಆದರೆ ಹೊಳೆಯ ದಂಡೆಯಲ್ಲಿ ದಿನವೂ ನಿಂತಿರುವ ಮನುಷ್ಯನನ್ನು ಲೆಕ್ಕಕ್ಕೇ ಹಿಡಿಯದೆ ಮಾಡಿದ ಕಾಪು ಎಷ್ಟು ದಿನ ಉಳಿದೀತು? ಹುಡುಗಿ ಸ್ವಲ್ಪ ಹೊತ್ತು ದಾರ ಸುತ್ತುತ್ತಾ ಕೂತಿದ್ದು, ಆಮೇಲೆ ಬೇರೆ ಕಡೆಯಿಂದ ಬಂದಳು.

ಹುಡುಗಿ: ಇದು ಪರದೇಶದ ಹುಚ್ಚು ಅನ್ನೋದು ನಿಮ್ಮ ಮನಸ್ಸಲ್ಲಿದೆ. ಬಾಯಲ್ಲಿ ಅನ್ನಲಿಲ್ಲ, ಆದರೂ ಇದೆ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ಅದರಲ್ಲಿ ಮತ್ಸ್ಯವಿನೋದ ಅಂತಲೇ ಒಂದು ಭಾಗ ಇದೆ. ಕೋಲು ಹೇಗಿರಬೇಕು, ದಾರ ಯಾವುದರದ್ದು, ಯಾವ ಮೀನಿಗೆ ಯಾವ ಎರೆ, ಎಲ್ಲ ಇದೆ. ಸುಂದರ್ ಲಾಲ್ ಹೋರಾ ಅನ್ನೋ ಮೀನು ವಿಜ್ಞಾನಿ 1951ರಲ್ಲಿ ಅದನ್ನ ಬಿಡಿಸಿ ಬರೆದರು. ನಮ್ಮ ನೆಲದ ರಾಜನೇ ಗಾಳದ ಪಾಠ ಬರೆದಿಟ್ಟಿದ್ದಾನೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಥಾಮಸ್ ಭಾರತದ ಗಾಳದ ಬಗ್ಗೆ ದೊಡ್ಡ ಪುಸ್ತಕ ತಂದಿದ್ದು 1873ರಲ್ಲಿ. ಈ ವಿದ್ಯೆ ನಮ್ಮ ಕಡೆ ಮೊನ್ನೆ ಇಳಿದದ್ದಲ್ಲ.

ದೊಡ್ಡಪ್ಪ: ರಾಜ ವಿನೋದಕ್ಕೆ ಹಿಡಿದ. ಕಲೆಕ್ಟರ್ ರಜೆಗೆ ಹಿಡಿದ. ಅವರಿಗೆ ಎರೆ ಕಲಸಿಕೊಟ್ಟೋರು ಯಾರು? ಯಾವ ಮಡುವಲ್ಲಿ ಯಾವ ಮೀನು ಅಂತ ತೋರಿಸಿದೋರು ಯಾರು? ಅವರ ಹೆಸರು ಆ ಪುಸ್ತಕಗಳಲ್ಲಿ ಐತಾ?

ಹುಡುಗಿ: ನಾನು ಓದಿದ್ದರಲ್ಲಿ ನೆನಪಿಲ್ಲ.

ದೊಡ್ಡಪ್ಪ: ನಿನ್ನ ಸರ್ಟಿಫಿಕೇಟಲ್ಲಿ ಇರ್ತೈತಾ?

ಹುಡುಗಿ: ದೊಡ್ಡಪ್ಪ, ನೀವು ಹೇಳೋದು ಅರ್ಥ ಆಗುತ್ತೆ. ಅದಕ್ಕೇ ಕೇಳ್ತಿರೋದು, ನೀವೂ ಬಂದು ಕಲಿಸಿ. ಮೈದಾನದಲ್ಲಿ ಕೊಕ್ಕೆ ಇಲ್ಲದೆ, ತುದಿಗೆ ಉಲ್ಲನ್ ಚೂರು ಕಟ್ಟಿ ದಾರ ಹಾಕೋದನ್ನ ನಾನು ಕಲಿಸ್ತೀನಿ. ನೀರಿನ ಹತ್ತಿರ ಬಂದ ಮೇಲೆ ನೀವು. ಬಂದ ಫೀಸಲ್ಲಿ ಅರ್ಧ ನಿಮಗೆ.

ದೊಡ್ಡಪ್ಪ: ಅರ್ಧದ ಮಾತು ಆಮೇಲೆ. ಮೊದಲು ಮೀನು ಯಾರದ್ದು ಹೇಳು. ಇಲ್ಲಿ ಕಾಟ್ಲಾ, ರೋಹು ಹುಟ್ಟಿ ಬೆಳೆದದ್ದಲ್ಲ, ಮರಿ ತಂದು ಬಿಟ್ಟದ್ದು. ಅದಕ್ಕೆ ದುಡ್ಡು ಸುರಿದೈತೆ. ಕೆರೆ ಗುತ್ತಿಗೆ ಹಿಡಿದಿರೋ ಸಂಘ ಐತೆ, ಲೈಸೆನ್ಸ್ ತಗೊಂಡ ಮನೆಗಳು ಅವೆ. ನೀನು ಹಿಡಿದು ಬಿಟ್ಟರೂ ಬಿಡದಿದ್ದರೂ ಅದು ಅವರ ಕೂಳು. ಬೆಂಗಳೂರಿನ ಕಾರು ಬಂದು ದಂಡೇಲಿ ನಿಂತು, ಬೀರು ಬಾಟ್ಲಿ ನೀರಿಗೆ ಎಸೆದು, ಹರಿಗೋಲಿನವನಿಗೆ ಆ ಕಡೆ ಹೋಗು ಅಂದರೆ ನಾನು ಯಾರ ಪರ ನಿಲ್ಲಲಿ?

ಹುಡುಗಿ: ಪರವಾನಗಿ ಇಲ್ಲದೆ ಒಬ್ಬರನ್ನೂ ನೀರಿಗೆ ಇಳಿಸಲ್ಲ. ಬಲೆ ಹಾಕೋ ಜಾಗ ಬಿಟ್ಟು ದೂರ ನಿಲ್ತೀವಿ.

ದೊಡ್ಡಪ್ಪ: ಇನ್ನೊಂದು. ಎಲ್ಲ ಮೀನೂ ಬಿಡಬೇಕು ಅನ್ನೋ ಪಾಠ ಇಲ್ಲಿ ನಡೆಯಲ್ಲ. ಜಿಲೇಬಿ ಮೀನು ಸಿಕ್ಕರೆ ಬಿಡಬ್ಯಾಡ. ಅದು ಬೇರೆ ಮೀನಿನ ಮೊಟ್ಟೆ ತಿಂದು, ತಾನೊಂದೇ ತುಂಬಿಕೊಳ್ತೈತೆ. ಅದನ್ನ ಮನೆಗೆ ತಂದು ಸಾರು ಮಾಡು. ಕೊರಮೀನು ಮಾತ್ರ ನೋಡಿ ಹಿಡಿ. ಮಳೆಗಾಲದಲ್ಲಿ ಕೆರೆ ಅಂಚಿನ ಜೊಂಡಲ್ಲಿ ಕೆಂಪಗೆ ಮರಿ ಮುದ್ದೆ ಮೇಲೆದ್ದು ಮಿಲಮಿಲ ಅಂತಿರ್ತೈತೆ, ನೂರಾರು ಮರಿ. ಅದರ ಕೆಳಗೇ ತಾಯಿ ತಂದೆ ಕಾಯ್ತಿರ್ತಾವೆ. ಆಗ ಅವುಕ್ಕೆ ಹಸಿವಲ್ಲ, ಸಿಟ್ಟು. ಮರಿ ಮಧ್ಯಕ್ಕೆ ಏನು ಬಿದ್ದರೂ ಬಾಯಿ ಹಾಕ್ತಾವೆ. ನಿನ್ನ ಗರಿ ಹಾಕಿದರೆ ತಕ್ಷಣ ಹಿಡೀತೀಯ, ಫೋಟೊನೂ ಬರ್ತೈತೆ. ನೀನು ಅದನ್ನ ಬಿಡೋ ಹೊತ್ತಿಗೆ ಬೇರೆ ಮೀನು ಬಂದು ಮರಿ ಮುಗಿಸಿರ್ತಾವೆ.

ಹುಡುಗಿ: ಹಾಗಿದ್ದರೆ ಅಲ್ಲಿ ಹಿಡಿದು ಬಿಟ್ಟರೂ ಕೊಂದ ಹಾಗೇ.

ದೊಡ್ಡಪ್ಪ: ನಾವು ಹುಡುಗರಿದ್ದಾಗ ಹಂಗೆ ಹಿಡಿದೋರು ಇದ್ದರು. ನಮ್ಮಪ್ಪ ಅಂಥೋರನ್ನ ಹರಿಗೋಲಿಗೆ ಹತ್ತಿಸ್ತಿರಲಿಲ್ಲ.

ಹುಡುಗಿ: ಇದನ್ನ ಬರ್ಕೋತೀನಿ. ಮೊದಲ ದಿನದ ಪಾಠಕ್ಕೆ ಇದೇ ಸೇರಬೇಕು, ದಾರಕ್ಕಿಂತ ಮೊದಲು.

ದೊಡ್ಡಪ್ಪ: ಬರ್ಕೊ. ಇನ್ನೂ ಐತೆ. ಮೊದಲ ಮುಂಗಾರು ಬಿದ್ದು ವೇದಾವತಿಗೆ ಕೆಂಪು ನೀರು ಬಂದಾಗ ಮೀನು ಹೊಸ ನೀರಿಗೆ ಏರ್ತಾವೆ. ಹೊಟ್ಟೆ ತುಂಬ ಮೊಟ್ಟೆ. ಆಗ ನಿನ್ನ ಶಾಲೆ ಬಾಗಿಲು ಹಾಕಬೇಕು. ಎರಡು ತಿಂಗಳು ಒಂದು ಕೋಲೂ ದಂಡೇಲಿ ಕಾಣಬಾರದು. ಅದಕ್ಕೆ ಒಪ್ಪಿದರೆ ನಾನು ಬರ್ತೀನಿ.

ಹುಡುಗಿ: ಒಪ್ಪಿದೆ. ಆ ಎರಡು ತಿಂಗಳು ಮೈದಾನದಲ್ಲಿ ದಾರ ಹಾಕೋದು, ಮನೆಯಲ್ಲಿ ಗರಿ ಕಟ್ಟೋದು. ಆದರೆ ನನ್ನದೂ ಒಂದು ಷರತ್ತು. ಆ ಎರಡು ತಿಂಗಳು ಹಳ್ಳದ ಬಾಯಿಗೆ ಕಟ್ಟೋ ಸಣ್ಣ ಕಣ್ಣಿನ ಬಲೆಗಳೂ ಮೇಲೇಳಬೇಕು. ಏರೋ ಮೀನನ್ನ ಗಾಳಕ್ಕಿಂತ ಜಾಸ್ತಿ ಹಿಡಿಯೋದು ಅವೇ. ನಾನು ಒಂದು ಕೋಲು ಇಟ್ಟರೆ ತಪ್ಪು, ಅಡ್ಡ ಬಲೆ ಕಟ್ಟಿದರೆ ಸರಿ ಅನ್ನೋದನ್ನ ಯಾರಿಗೆ ಕಲಿಸಲಿ?

ದೊಡ್ಡಪ್ಪ: ಅದು ನನ್ನೊಬ್ಬನ ಕೈಲಿಲ್ಲ.

ಹುಡುಗಿ: ಯಾರ ಕೈಲಿದೆ?

ದೊಡ್ಡಪ್ಪ: ಸಂಘದ ಸಭೆ ಐತೆ. ಅಲ್ಲಿ ಮಾತು ಎತ್ತಬೇಕು. ಬೈಸ್ಕೊಳ್ಳೋಕೂ ತಯಾರಿರಬೇಕು.

ಹುಡುಗಿ: ನೀವು ಎತ್ತುತೀರಾ?

ದೊಡ್ಡಪ್ಪ: ನೀನು ಬಂದು ಎತ್ತು. ನಿನಗೆ ಮಾತು ಬರ್ತೈತೆ, ಐದು ಮಾತಿಗೆ ಇಳಿಸೋದೂ ಬರ್ತೈತೆ.

ಹುಡುಗಿ: ನಾನು ಸದಸ್ಯೆ ಅಲ್ವಲ್ಲ. ನಮ್ಮನೆಯಿಂದ ಅಪ್ಪನ ಹೆಸರೇ ಇರೋದು. ನೀವು ಪಕ್ಕದಲ್ಲಿ ಕೂತರೆ ಬರ್ತೀನಿ.

ದೊಡ್ಡಪ್ಪ: ಕೂರ್ತೀನಿ. ಆದರೆ ಬಲೆ ವಿಷಯದಲ್ಲಿ ನಿನ್ನ ಪರ ಕೈ ಎತ್ತುತೀನಿ ಅಂತ ಈಗಲೇ ಮಾತು ಕೊಡಲ್ಲ. ಆ ಎರಡು ತಿಂಗಳು ಒಲೆ ಹೆಂಗೆ ಉರೀಬೇಕು ಅಂತ ಅಲ್ಲಿ ಕೇಳ್ತಾರೆ. ಅದಕ್ಕೊಂದು ಉತ್ತರ ಹುಡುಕಿಕೊಂಡು ಬಾ.